ತಿಂಡಿ ಆಯ್ತಾ?

ನಾನು ಫುಟ್‌ಬಾಲ್ ಕೋಚು ಅಂದರೆ ಇಲ್ಲಿ ಸನ್ನಿವೇಲ್ ಊರಿನ ದೇವಸ್ಥಾನದಲ್ಲಿ ಸಿಗುವ ನಮ್ಮ ಹಿರಿಯರು ಚೆಂಡು ಒದೆಯುವ ಆಟವೆಂದುಕೊಳ್ಳುತ್ತಾರೆ. ತಿದ್ದಿ ತಿದ್ದಿ ಸಾಕಾಗಿದೆ. ನಮ್ಮದು ಅಮೆರಿಕದ ಫುಟ್‌ಬಾಲ್, ಹೆಲ್ಮೆಟ್ ಹಾಕಿಕೊಂಡು, ತಲೆ ತಗ್ಗಿಸಿ, ಎದುರಿಗಿದ್ದವನ ಮೇಲೆ ನುಗ್ಗುವ ಆಟ. ಕಾಲೇಜು ತಂಡದಲ್ಲಿ ಹುಚ್ಚನ ಹಾಗೆ ಆಡಿದೆ. ಮಂಡಿ ಕೈಕೊಟ್ಟ ಮೇಲೆ ಸ್ಯಾನ್ ರಮೋನಿನಲ್ಲಿ ಹೈಸ್ಕೂಲು ಮೇಷ್ಟ್ರಾದೆ. ಹಗಲು ಇತಿಹಾಸದ ಪಾಠ, ಸಂಜೆ ಕೋಚಿಂಗು.

ಕಾಲೇಜು ತಂಡದಲ್ಲಿ ನನ್ನ ಪಕ್ಕದಲ್ಲೇ ನಿಂತು ಆಡುತ್ತಿದ್ದ ಗೆಳೆಯ ಈಗ ಒಂದು ಆರೈಕೆ ಕೇಂದ್ರದಲ್ಲಿದ್ದಾನೆ. ತಲೆಗೆ ಬಿದ್ದ ಪೆಟ್ಟುಗಳು ವರ್ಷಗಳಾದ ಮೇಲೆ ಅವನ ನೆನಪನ್ನೆಲ್ಲ ತಿಂದುಹಾಕಿವೆ. ನನ್ನದೇ ವಯಸ್ಸು. ಹೋದಾಗಲೆಲ್ಲ ನಗುತ್ತಾ ಕೈ ಕುಲುಕಿ, ನೀವು ಯಾರು ಎನ್ನುತ್ತಾನೆ. ಅವನು ತಿಂದಷ್ಟೇ ಪೆಟ್ಟು ನಾನೂ ತಿಂದಿದ್ದೇನೆ. ಫ್ರೀವೇಯಲ್ಲಿ ವಾಪಸು ಬರುವಾಗ, ಬೋರ್ಡು ಕಾಣುವ ಮೊದಲೇ ಮುಂದಿನ ಎಕ್ಸಿಟ್ಟಿನ ಹೆಸರು ಹೇಳಿಕೊಳ್ಳುತ್ತೇನೆ.

ಮೈದಾನದಲ್ಲಿ ಯಾರ ತಲೆಗಾದರೂ ಪೆಟ್ಟು ಬಿದ್ದರೆ ನಾನು ಮೊದಲು ಕೇಳುವುದು, ಬೆಳಿಗ್ಗೆ ಏನು ತಿಂದೆ ಎಂದು. ಅಮ್ಮನಿಂದ ಬಂದ ಪ್ರಶ್ನೆ ಅದು. ಮೈಸೂರಿನವಳು, ಯಾರೇ ಸಿಗಲಿ, "ತಿಂಡಿ ಆಯ್ತಾ?" ಎಂದೇ ಮಾತಾಡಿಸುತ್ತಾಳೆ. ಪಾರ್ಸೆಲ್ ತರುವವನು ಕೂಡ "ಆಯ್ತು" ಅನ್ನುವುದನ್ನು ಕಲಿತಿದ್ದಾನೆ, ಪಾಪ. ನನ್ನ ಹುಡುಗರಲ್ಲಿ ಉತ್ತರಕ್ಕೆ ತಡವರಿಸಿದವನು ಆಟದಿಂದ ಹೊರಗೆ. "ಕೋಚ್, ಐ ಆಮ್ ಫೈನ್" ಎಂದು ಗೋಗರೆದರೂ ಅಷ್ಟೆ. ಅಪ್ಪಂದಿರು ಬಂದು ಜಗಳವಾಡಿದ್ದಾರೆ. ಆಡಲಿ, ನನಗೇನು!

ಈಚೆಗೊಂದು ಶನಿವಾರ ಅಡುಗೆಮನೆಯ ಟೇಬಲ್ಲಿನಲ್ಲಿ ಕೂತು ಲ್ಯಾಪ್‌ಟಾಪಿನಲ್ಲಿ ಹಿಂದಿನ ದಿನದ ಆಟ ನೋಡುತ್ತಿದ್ದೆ. ಅಮ್ಮ ಪೂಜೆ ಮುಗಿಸಿ ಬಂದಳು.

"ತಿಂಡಿ ಆಯ್ತೇನೋ?"

"ಎಲ್ಲಿ ಆಯ್ತಮ್ಮಾ, ನೀನಿನ್ನೂ ಕೊಟ್ಟೇ ಇಲ್ವಲ್ಲ."

ನಕ್ಕುಬಿಟ್ಟಳು. "ಸಾಕು ಕಣೋ ತಮಾಷೆ. ದೋಸೆ ಹಾಕ್ಕೊಟ್ಟೇ ಅಲ್ವಾ ನಾನು ದೇವರ ಮನೆಗೆ ಹೋಗಿದ್ದು?"

ನನ್ನ ಮುಖ ನೋಡಿ ಅವಳ ನಗು ನಿಂತಿತು. ಲ್ಯಾಪ್‌ಟಾಪಿನ ಪಕ್ಕದಲ್ಲೇ ತಟ್ಟೆಯಿತ್ತು, ಅಂಚಿನಲ್ಲಿ ಚಟ್ನಿ ಒಣಗಿತ್ತು. ಬೆರಳು ಮೂಸಿ ನೋಡಿದೆ. ತುಪ್ಪದ ವಾಸನೆ.

"ನಿದ್ದೆ ಸಾಲ್ದು ನಿಂಗೆ, ಅದಕ್ಕೇ," ಎಂದು ಅಮ್ಮ ಒಲೆ ಹಚ್ಚಿ ಇನ್ನೊಂದು ದೋಸೆ ಹುಯ್ದಳು. ಹಸಿವಿರಲಿಲ್ಲ. ಆದರೂ ತಿಂದೆ.

ಸುಳ್ಳೇಕೆ, ನನಗೆ ಭಯವಾಗಿದೆ. ಡಾಕ್ಟರ ಅಪಾಯಿಂಟ್‌ಮೆಂಟು ತೆಗೆದುಕೊಳ್ಳಲು ಫೋನು ಕೈಗೆತ್ತಿಕೊಳ್ಳುತ್ತೇನೆ, ಮತ್ತೆ ಇಡುತ್ತೇನೆ. ಅಮ್ಮ ಪಾರ್ಸೆಲ್ಲಿನವನನ್ನು ಈಗಲೂ ತಿಂಡಿ ಆಯ್ತಾ ಎಂದು ವಿಚಾರಿಸುತ್ತಾಳೆ. ನನ್ನನ್ನು ಮಾತ್ರ ಕೇಳುವುದನ್ನು ಬಿಟ್ಟಿದ್ದಾಳೆ.