ಎಡಗೈಯಲ್ಲಿ ಕುಟ್ಟಿದ ಮಸಾಲೆ

ಮಲೇಷ್ಯಾದ ಮಲಕ್ಕಾದಲ್ಲಿ ತಲೆಮಾರುಗಳಿಂದ ನೆಲೆಸಿದ ಚೀನೀ ಮೂಲದ ನ್ಯೋನ್ಯಾ ಮನೆತನಗಳಲ್ಲಿ ಹೆಣ್ಣು ನೋಡಲು ಬಂದವರು ಮೊದಲು ಒರಳಿನ ಸದ್ದು ಕೇಳುತ್ತಿದ್ದರು, ಮುಖ ನೋಡುವುದು ಆಮೇಲೆ. ಗೆಕ್ ನಿಯೋ ಮೆಚ್ಚಿ ಮದುವೆಯಾದವಳು. ಹಾಗಾಗಿ ಅವಳ ಪರೀಕ್ಷೆ ಮದುವೆಯ ಮಾರನೆಯ ದಿನ ನಡೆಯಿತು. ಅತ್ತೆ ಹಜಾರದಲ್ಲಿ ಕೂತು ಕಿವಿಗೊಟ್ಟರು. ಸದ್ದಿನಲ್ಲಿ ಒಂದು ಹುಳುಕೂ ಇರಲಿಲ್ಲ. ಮೆಚ್ಚಿಕೊಂಡು ಅಡುಗೆಮನೆಗೆ ಬಂದು ನೋಡಿದರೆ, ಕುಟ್ಟುವ ಕಲ್ಲು ಸೊಸೆಯ ಎಡಗೈಯಲ್ಲಿತ್ತು.

"ತೊಳೆಯೋ ಕೈಯಲ್ಲಿ ಹಿರಿಯರಿಗೆ ಎಡೆ ಮಾಡ್ತೀಯೇನೆ?" ಎಂದರು ಅತ್ತೆ.

ಅಂದಿನಿಂದ ಒರಳು ಅತ್ತೆಯದು, ಪಾತ್ರೆ ತೊಳೆಯುವುದು ಸೊಸೆಯದು. ಈರುಳ್ಳಿ ಸುಲಿ, ಕೆಲುವಾಕ್ ಎಂಬ ಕಾಡುಕಾಯಿಯ ಗಟ್ಟಿ ಚಿಪ್ಪು ತಿಕ್ಕು, ಆಚೆ ಹೋಗು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ; ಈ ಮನೆಯಲ್ಲಿ ಅತ್ತೆಯ ಕಾಲ ಮುಗಿಯುವ ಲಕ್ಷಣವೇ ಇರಲಿಲ್ಲ. ಗೆಕ್ ನಿಯೋಗೆ ಸ್ವಂತ ಸೊಸೆ ಬಂದಳು, ಆದರೂ ಮಸಾಲೆ ಮುಟ್ಟುವ ಅಧಿಕಾರ ಬರಲಿಲ್ಲ.

ಐವತ್ತು ದಾಟಿದ ಮೇಲೆ ಒಂದು ದಿನ ಅವಳು ಹಿಂದಿನ ಬೀದಿಯ ಪೊಯಿ ಲಿನ್ ಅಮ್ಮನ ಅಡುಗೆ ತರಗತಿಗೆ ಸೇರಿಬಿಟ್ಟಳು. ಅಲ್ಲಿಗೆ ಬರುವವರೆಲ್ಲ ಪ್ರವಾಸಿಗಳು, ಬ್ಯಾಂಕಿನ ಹುಡುಗಿಯರು. ನ್ಯೋನ್ಯಾ ಹೆಂಗಸೇ ನ್ಯೋನ್ಯಾ ಅಡುಗೆ ಕಲಿಯಲು ದುಡ್ಡು ಕೊಡುತ್ತಾಳೆಂದರೆ ಬೀದಿಗೆ ನಗಲು ಇನ್ನೇನು ಬೇಕು? ಮೀನು ಈಜು ಕಲಿಯಲು ಶಾಲೆಗೆ ಹೋದ ಹಾಗಾಯಿತು ಎಂದು ಅತ್ತೆ ಮೂಗು ಮುರಿದರು.

"ಈ ಮೀನನ್ನ ನೀವು ನೀರಿಗೇ ಬಿಡಲಿಲ್ಲವಲ್ಲ ಅತ್ತೆ," ಎಂದು ಗೆಕ್ ನಿಯೋ ಚಪ್ಪಲಿ ಮೆಟ್ಟಿ ಹೊರಟಳು.

ತರಗತಿಯಲ್ಲಿ ಮಾತ್ರ ಆ ಧೈರ್ಯ ಉಡುಗಿತು. ನಾಲ್ಕು ಜನರ ಮುಂದೆ ಎಡಗೈ ಎತ್ತಲು ನಾಚಿಕೆಯಾಗಿ ಬಲಗೈಯಲ್ಲಿ ಕುಟ್ಟಿದಳು. ಕಲ್ಲು ಜಾರಿತು, ಮೆಣಸು ಕಣ್ಣಿಗೆ ಹಾರಿತು. ಪೊಯಿ ಲಿನ್ ಅಮ್ಮ ಅವಳ ಕೈಗಳನ್ನು ಒಂದು ಗಳಿಗೆ ನೋಡಿದರು. ಆಮೇಲೆ ಕಲ್ಲನ್ನು ಕಿತ್ತುಕೊಂಡು ಅವಳ ಎಡಗೈಗೆ ತುರುಕಿದರು.

"ಮೆಣಸಿಗೆ ಎಡ ಬಲ ಗೊತ್ತಿಲ್ಲ ಕಣೇ, ಏಟು ಗೊತ್ತು. ಕುಟ್ಟು."

ಅವಳು ಕುಟ್ಟಿದಳು. ಅಷ್ಟು ವರ್ಷ ನುಂಗಿಕೊಂಡಿದ್ದ ಸಿಟ್ಟೆಲ್ಲ ಒರಳಿಗಿಳಿಯಿತು. ಮಸಾಲೆ ಬೆಣ್ಣೆಯಂತಾಯಿತು. ಕೆಲುವಾಕ್ ಕಾಯಿಯ ವಿಷ ಹೋಗುವಂತೆ ದಿನವೂ ನೀರು ಬದಲಿಸಿ ನೆನೆಸುವುದು ಅವಳಿಗೆ ಮೊದಲೇ ಗೊತ್ತಿತ್ತು. ಒಳಗಿನ ಕಪ್ಪು ತಿರುಳನ್ನು ಕೆದಕಿ, ಸಿಗಡಿಯೊಂದಿಗೆ ಅರೆದು, ಮತ್ತೆ ಚಿಪ್ಪಿಗೆ ತುಂಬಿ, ಕೋಳಿಯ ಜೊತೆ ಬೇಯಿಸುವುದನ್ನು ಈಗ ಕಲಿತಳು.

ತೀರಿಹೋದ ಮಾವನಿಗೆ ವರ್ಷಕ್ಕೊಮ್ಮೆ ಇಡುವ ಎಡೆಯ ದಿನ ಬೆಳಗ್ಗೆಯೇ ಅವಳು ಅಡುಗೆಮನೆಯ ನೆಲದ ಮೇಲೆ ಒರಳಿಟ್ಟುಕೊಂಡು ಕೂತಳು. ಹಜಾರಕ್ಕೆ ಕೇಳಲೆಂದೇ ಬಾಗಿಲು ತೆರೆದಿಟ್ಟಳು. ಅತ್ತೆ ಕೂಗಾಡಿದರು, ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಮಧ್ಯಾಹ್ನ ಅತ್ತೆಯ ಬಾತುಕೋಳಿ ಸಾರಿನ ಪಕ್ಕದಲ್ಲೇ ಅವಳ ಕೆಲುವಾಕ್ ಕೋಳಿಯ ಕಪ್ಪು ಸಾರಿನ ಬಟ್ಟಲೂ ಹಿರಿಯರ ಎಡೆಯ ಮೇಜಿಗೇರಿತು.

ಹಿರಿಯರು ಉಂಡು ಮುಗಿಸಿದರೋ ಇಲ್ಲವೋ ಎಂದು ನಾಣ್ಯ ಹಾಕಿ ಕೇಳುವುದು ಪದ್ಧತಿ. ಎರಡು ನಾಣ್ಯಗಳಲ್ಲಿ ಒಂದು ಮೊಗಚಿ, ಒಂದು ಅಂಗಾತ ಬಿದ್ದರೆ ಮುಗಿಯಿತೆಂದರ್ಥ. ಅಲ್ಲಿಯವರೆಗೆ ಮನೆಯವರು ಅನ್ನ ಮುಟ್ಟುವಂತಿಲ್ಲ. ಗಂಡ ಚೆಂಗ್ ವಾಟ್ ಹಾಕಿದ. ಎರಡೂ ಮೊಗಚಿ ಬಿದ್ದವು.

"ನೋಡಿದ್ಯಾ? ಅವರು ಮುಟ್ಟಲ್ಲ. ಆ ಬಟ್ಟಲು ತೆಗಿ," ಎಂದರು ಅತ್ತೆ.

ಬಟ್ಟಲು ತೆಗೆದರೆ ಸಾಯುವವರೆಗೂ ತಾನು ಪಾತ್ರೆ ತೊಳೆಯುವವಳೇ ಎಂಬುದು ಗೆಕ್ ನಿಯೋಗೆ ಚೆನ್ನಾಗಿ ಗೊತ್ತಿತ್ತು.

"ಹೋದ ವರ್ಷ ನಿಮ್ಮ ಬಾತುಕೋಳಿಗೂ ಹೀಗೇ ಬಿತ್ತು. ಮಾವನಿಗೆ ಹಲ್ಲಿಲ್ಲ, ನಿಧಾನ ತಿಂತಾರೆ ಅಂದ್ರಿ. ಈ ವರ್ಷ ಅವರಿಗೆ ಹಲ್ಲು ಬಂತಾ ಅತ್ತೆ?"

ನೆಂಟರಲ್ಲಿ ಯಾರೋ ನಕ್ಕು, ಕೆಮ್ಮಿದಂತೆ ಮಾಡಿದರು. ಅವಳು ಬಟ್ಟಲಿಗೆ ಇನ್ನೊಂದು ಸೌಟು ಬಡಿಸಿದಳು, ಎಡಗೈಯಲ್ಲೇ. ಗಂಡ ಅಮ್ಮನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ನಾಣ್ಯಗಳನ್ನು ಹೆಂಡತಿಯ ಅಂಗೈಗೆ ಹಾಕಿ ಪಕ್ಕಕ್ಕೆ ಸರಿದ. ಅವಳು ಹಾಕಿದಳು. ಎರಡೂ ಅಂಗಾತ ಬಿದ್ದವು.

"ಇನ್ನೂ ತಿಂತಾ ಇದ್ದಾರೆ. ತಿನ್ನಲಿ. ನಾನು ಕಾಯ್ತೀನಿ," ಎಂದು ಕುರ್ಚಿ ಎಳೆದುಕೊಂಡು ಮೇಜಿನ ಮುಂದೆಯೇ ಕೂತಳು.

ಊದುಬತ್ತಿ ಉರಿದು ಬೂದಿಯಾಯಿತು. ಮತ್ತೆ ಹಚ್ಚಿದರು. ಮಕ್ಕಳು ರಚ್ಚೆ ಹಿಡಿದರು. ನೆಂಟರು ಗೋಡೆ ನೋಡುತ್ತಾ ಹೊಟ್ಟೆ ಸವರಿಕೊಂಡರು. ಗೆಕ್ ನಿಯೋ ಅಲುಗಲಿಲ್ಲ. ಕೊನೆಗೆ ಅತ್ತೆಯೇ ಬಾಯಿಬಿಟ್ಟರು.

"ಹಾಕೇ ಮತ್ತೆ."

"ಬಟ್ಟಲು ತೆಗೆಯಲ್ಲ."

"ತೆಗಿ ಅಂದ್ನಾ? ಹಾಕು."

ಈ ಸಲ ಒಂದು ಮೊಗಚಿ, ಒಂದು ಅಂಗಾತ ಬಿತ್ತು. ಮಕ್ಕಳು ಮೇಜಿಗೆ ನುಗ್ಗಿದರು. ಗೆಕ್ ನಿಯೋ ಅವರನ್ನು ತಡೆದು ಮೊದಲ ತಟ್ಟೆ ಬಡಿಸಿದಳು: ಅನ್ನ, ಅದರ ಮೇಲೆ ಕಪ್ಪು ಸಾರು, ತಿರುಳು ತುಂಬಿದ ಒಂದು ಕಾಯಿ. ಎಡಗೈಯಲ್ಲೇ ಅದನ್ನು ಅತ್ತೆಯ ಮುಂದೆ ಹಿಡಿದಳು. ಮುದುಕಿ ಆ ಕೈ ನೋಡಿದರು. ತಟ್ಟೆ ಅಲ್ಲೇ ಇತ್ತು, ಕೈಯೂ ಅಲ್ಲೇ ಇತ್ತು. ಅವರು ತಟ್ಟೆ ತೆಗೆದುಕೊಂಡರು.