ಗೊರಕೆ ನಿಂತ ರಾತ್ರಿ

ಸಾವಿರದ ಒಂಬೈನೂರ ಎಂಬತ್ತೈದರ ಸುಮಾರಿಗೆ ಬಸವೇಶ್ವರನಗರದ ನಮ್ಮ ಮನೆ ಓನರ್ ಗೊರಕೆ ಹೊಡೆದರೆ ಹಿಂದಿನ ಎರಡು ಬಾಡಿಗೆ ಮನೆಗಳಿಗೂ ಕೇಳುತ್ತಿತ್ತು. ನಡುವೆ ಅದು ತಟ್ಟನೆ ನಿಲ್ಲುತ್ತಿತ್ತು. ಆಗ ನಾವೂ ಉಸಿರು ಬಿಗಿಹಿಡಿದು ಕಾಯುತ್ತಿದ್ದೆವು. ಕೊನೆಗೆ ಅವರು ನೀರಿನಲ್ಲಿ ಮುಳುಗಿ ಮೇಲೆ ಬಂದವರಂತೆ ದಡಬಡಿಸಿ ಎದ್ದು ಕೂತು, ಗಂಟಲಿಗೆ ಬಂದ ಹುಳಿನೀರನ್ನು ಕೆಮ್ಮಿ ಉಗಿದು ಮತ್ತೆ ಮಲಗುತ್ತಿದ್ದರು. ಬೆಳಿಗ್ಗೆ ಕೇಳಿದರೆ ಒಂದೇ ಮಾತು: "ಸಾರಿಗೆ ಹುಣಸೆಹಣ್ಣು ಜಾಸ್ತಿ ಆಗಿತ್ತು ಕಣ್ರೀ." ಗೊರಕೆಯನ್ನಂತೂ ಒಪ್ಪುತ್ತಲೇ ಇರಲಿಲ್ಲ.

ಒಮ್ಮೆ ಡಾಕ್ಟರು, ಹುಳಿನೀರು ಗಂಟಲಿಗೆ ಏರದಿರಲೆಂದು, ಮಂಚದ ತಲೆಭಾಗದ ಕಾಲುಗಳ ಕೆಳಗೆ ಎರಡೆರಡು ಇಟ್ಟಿಗೆ ಇಡಲು ಹೇಳಿದರು. ಇಟ್ಟಿಗೆ ಹುಡುಕಿ ತಂದುಕೊಟ್ಟವನು ನಾನೇ. ಆ ರಾತ್ರಿ ಗೊರಕೆಯೂ ಇಲ್ಲ, ಕೆಮ್ಮೂ ಇಲ್ಲ. ಗಾಬರಿಯಿಂದ ನಮಗ್ಯಾರಿಗೂ ನಿದ್ದೆ ಹತ್ತಲಿಲ್ಲ. ಹನ್ನೆರಡಕ್ಕೆ ನಾನು ಹೋಗಿ ಬಾಗಿಲು ಬಡಿದೆ.

"ಸಾರ್, ಇದೀರಾ?"

"ಇದೀನ್ರೀ!"

ಒಂದಕ್ಕೆ ಪಕ್ಕದ ಮನೆಯ ಟೀಚರಮ್ಮ ಬಡಿದರು. ಎರಡಕ್ಕೆ ಮತ್ತೆ ನಾನು.

ಬೆಳಿಗ್ಗೆ ಓನರ್ ಕೆಂಪು ಕಣ್ಣು ಬಿಟ್ಟುಕೊಂಡು ಬಂದು ನಾಲ್ಕೂ ಇಟ್ಟಿಗೆಗಳನ್ನು ನಮ್ಮ ಬಾಗಿಲಲ್ಲಿ ಇಟ್ಟರು. "ಇದನ್ನ ಇಟ್ಕೊಂಡ್ರೆ ನಿದ್ದೇನೇ ಬರಲ್ಲ ಕಣ್ರೀ. ತಗೊಳ್ಳಿ."

ಆ ರಾತ್ರಿ ಗೊರಕೆ ಎಂದಿನಂತೆ ಶುರುವಾಯಿತು. ಹಿಂದಿನ ರಾತ್ರಿಯ ನಿದ್ದೆ ಬಾಕಿಯಿದ್ದ ನಾವೆಲ್ಲ, ಅದು ನಿಲ್ಲುವುದಕ್ಕೆ ಮೊದಲೇ ನೆಮ್ಮದಿಯಾಗಿ ಮಲಗಿಬಿಟ್ಟೆವು.