ನಾಲ್ಕನೆಯ ಕುರ್ಚಿ

ನನ್ನ ಸೋದರತ್ತೆಯ ಗಂಡನನ್ನು ನಾವೆಲ್ಲ ಕುರ್ಚಿ ಮಾವ ಎನ್ನುತ್ತೇವೆ. ಇಸ್ಪೀಟ್ ಕ್ಲಬ್ಬಿನಲ್ಲಿ ಕೂರುವುದೇ ಅವರ ಕೆಲಸ. ಪೋಕರ್ ಮೇಜಿನಲ್ಲಿ ನಾಲ್ಕು ಜನರಾದರೂ ಇಲ್ಲದಿದ್ದರೆ ಆಟ ಸಪ್ಪೆಯೆಂದು ಗಿರಾಕಿಗಳು ಎದ್ದುಬಿಡುತ್ತಾರೆ. ಹಾಗಾಗಿ ಮೂವರೇ ಇದ್ದಾಗ ಮಾವ ನಾಲ್ಕನೆಯವರಾಗಿ ಕೂರಬೇಕು, ಇನ್ನೊಬ್ಬ ಗಿರಾಕಿ ಬಂದ ಕೂಡಲೇ ಏಳಬೇಕು. ಹಣದ ಬದಲು ಇಟ್ಟು ಆಡುವ ಬಿಲ್ಲೆಗಳು ಕ್ಲಬ್ಬಿನವು. ಗೆದ್ದರೂ ಮಾವನದಲ್ಲ, ಸೋತರೂ ಮಾವನದಲ್ಲ. ಸಂಬಳ ಮಾತ್ರ ಅವರದು.

ಅವರು ಸೇರಿದಾಗ ಅಲ್ಲಿ ಎಲ್ಲರೂ ರಮ್ಮಿ ಆಡುತ್ತಿದ್ದರು. ನೀರಿನ ಫಿಲ್ಟರ್ ಪಕ್ಕದಲ್ಲಿ ಪೋಕರಿನ ಮೇಜು ಒಂದೇ ಒಂದು. ಸುಮಾರು ಇನ್ನೂರು ವರ್ಷದ ಹಿಂದೆ ಅಮೆರಿಕದ ನದಿ ಹಡಗುಗಳಲ್ಲಿ ಹೊತ್ತು ಕಳೆಯಲು ಆಡುತ್ತಿದ್ದ ಆಟವಂತೆ ಅದು. ಹಡಗಿನಿಂದ ಇಳಿದು ಈ ಫಿಲ್ಟರ್ ಪಕ್ಕಕ್ಕೆ ಬರಲು ಇಷ್ಟು ಕಾಲ ಹಿಡಿಯಿತು ಎಂದು ಮಾವ ನಗುತ್ತಿದ್ದರು. ಆಮೇಲೆ ಟಿ.ವಿ.ಯವರು ಮೇಜಿನ ಅಂಚಿಗೆ ಪುಟ್ಟ ಕ್ಯಾಮೆರಾ ಇಟ್ಟು, ಆಟಗಾರರು ಮುಚ್ಚಿಟ್ಟ ಎಲೆಗಳನ್ನು ತೋರಿಸತೊಡಗಿದರು. ಯಾರ ಜಂಭ ಬರೀ ಪೊಳ್ಳೆಂದು ಮನೆಯಲ್ಲಿ ಕೂತವರಿಗೂ ಗೊತ್ತಾಗುವಂತಾದಾಗ ಜನಕ್ಕೆ ಹುಚ್ಚು ಹಿಡಿಯಿತು. ಫೋನಿನಲ್ಲಿ ಆಟ ಕಲಿತ ಹುಡುಗರು ನಿಜವಾದ ಎಲೆ ಹಿಡಿಯಬೇಕೆಂದು ಕ್ಲಬ್ಬಿಗೆ ಬಂದರು.

“ಇನ್ನು ನಿಮಗೆ ಕೂರೋ ಕೆಲಸ ಕಮ್ಮಿಯಾಗುತ್ತೆ ಬಿಡಿ,” ಎಂದರು ಅತ್ತೆ. ಆದರೆ ಜನ ಹೆಚ್ಚಿದಷ್ಟೂ ಕ್ಲಬ್ಬಿನ ಯಜಮಾನರು ಮೇಜು ಹೆಚ್ಚಿಸಿದರು. ಒಂದು ಮೇಜಿನಿಂದ ಎದ್ದ ಮಾವ ಇನ್ನೊಂದರಲ್ಲಿ ಕೂರುವಂತಾಯಿತು.

ಮಾವನ ತಾಯಿಗೆ, ನಾವು ಅಜ್ಜಿ ಎನ್ನುವವರಿಗೆ, ಕಣ್ಣಿನ ಪೊರೆ ತೆಗೆಸಬೇಕಾಗಿತ್ತು. ಮಗ ಜೊತೆಗಿಲ್ಲದೆ ತನ್ನ ಕಣ್ಣಿಗೆ ಯಾರೂ ಕೈ ಹಾಕಕೂಡದೆಂದು ಅವರ ಹಟ. ಎರಡು ಸಲ ಮಾವ ಬರಲಾಗದೆ, ಅಜ್ಜಿ ಆಸ್ಪತ್ರೆಯ ಮೆಟ್ಟಿಲಿಂದಲೇ ವಾಪಸಾದರು. ಇನ್ನೂ ತಡಮಾಡಿದರೆ ಕಣ್ಣು ಉಳಿಯುವುದಿಲ್ಲವೆಂದು ಡಾಕ್ಟರು ಖಂಡಿತವಾಗಿ ಹೇಳಿದರು.

ಮೂರನೆಯ ಸಲಕ್ಕೆ ಮಾವ ಮೊದಲೇ ರಜೆ ಕೇಳಿಟ್ಟಿದ್ದರು. ಆದರೆ ಆ ಮಧ್ಯಾಹ್ನ ಗಿರಾಕಿಗಳು ಮೂವರೇ.

“ಇನ್ನೊಬ್ರು ಬರ್ಲಿ, ಹೋಗುವೆಯಂತೆ,” ಎಂದರು ಯಜಮಾನರು.

“ಅಷ್ಟರಲ್ಲಿ ಡಾಕ್ಟ್ರು ಹೊರಟುಬಿಡ್ತಾರೆ ಸಾರ್.”

“ಹಾಗಾದ್ರೆ ಈಗ್ಲೇ ಹೋಗು. ನಾಳೆಯಿಂದ ಮನೇಲೇ ಕುರ್ಚಿ ಹಾಕ್ಕೊಂಡು ಕೂತಿರು.”

ಮಾವ ಕೂತರು. ಬಾಗಿಲು ಸದ್ದಾದಾಗಲೆಲ್ಲ ತಲೆಯೆತ್ತಿದರು. ಒಮ್ಮೆ ಬಲ್ಬ್ ಬದಲಿಸುವವನು ಬಂದ. ಆಮೇಲೆ ಬಂದವರು ಅತ್ತೆ! ಅಜ್ಜಿಯನ್ನು ನನ್ನ ಅಮ್ಮನ ಜೊತೆ ಆಸ್ಪತ್ರೆಯಲ್ಲಿ ಕೂರಿಸಿ ಬಂದಿದ್ದರು. ನೇರ ಕೌಂಟರಿಗೆ ಹೋಗಿ ಒಂದು ಹಿಡಿ ಬಿಲ್ಲೆ ಕೊಂಡು, ಮಾವನ ಕುರ್ಚಿಯ ಹಿಂದೆ ನಿಂತರು.

“ಏನಮ್ಮಾ, ಆಟ ಬರುತ್ತಾ?” ಯಜಮಾನರು ಕೇಳಿದರು.

“ಬರದೆ ಏನು ಸಾರ್? ಇಷ್ಟು ವರ್ಷ ಇವರ ಜೊತೆ ಸಂಸಾರ ಮಾಡಿಲ್ವಾ? ಈಗ ಗಿರಾಕಿಗಳು ನಾಲ್ಕು ಜನ ಆದ್ವಲ್ಲ?”

ಯಜಮಾನರು ತಲೆಯಾಡಿಸದೆ ವಿಧಿಯಿರಲಿಲ್ಲ. ಮಾವ ಓಡಿದರು.

ಅತ್ತೆಗೆ ಆಟದ ಗಂಧಗಾಳಿಯೂ ಇರಲಿಲ್ಲ. ಎಲೆ ಬಂದಾಗಲೆಲ್ಲ “ನಂಗೆ ಬೇಡ” ಎಂದು ನೋಡದೆ ತಳ್ಳಿದರು.

“ನೋಡಿಯಾದ್ರೂ ಬಿಡಿ ಅಕ್ಕಾ, ಅದೇನು ಕಚ್ಚಲ್ಲ,” ಎಂದ ಎಲೆ ಹಂಚುವವನು.

“ನಮ್ಮನೆಯವರನ್ನ ಕಚ್ಚಿ ಹಿಡ್ಕೊಂಡಿರೋದು ಇದೇ ಅಲ್ವೇನಪ್ಪಾ?”

ಆಡದಿದ್ದರೂ ಸರದಿ ಬಂದಾಗ ಬಿಲ್ಲೆ ಇಡಲೇಬೇಕು. ರಾಶಿ ಕರಗುತ್ತಾ ಬಂತು. ಅದು ಮುಗಿದರೆ ಅತ್ತೆ ಏಳಬೇಕು. ಯಜಮಾನರು ಮಾವನಿಗೆ ಫೋನ್ ಮಾಡುತ್ತಾರೆ. ಅತ್ತೆ ಒಂದೊಂದು ಬಿಲ್ಲೆಯನ್ನೂ ಆದಷ್ಟು ನಿಧಾನವಾಗಿ ಇಡುತ್ತಿದ್ದರು.

ಸಂಜೆ ಮಾವ ವಾಪಸ್ ಬಂದು ಅವರ ಬೆನ್ನ ಹಿಂದೆ ನಿಂತರು. ಹಿಂದೆ ನಿಂತವರು ತುಟಿ ಬಿಚ್ಚುವಂತಿಲ್ಲ. ಅತ್ತೆ ಮೊದಲ ಬಾರಿಗೆ ಎಲೆಗಳ ತುದಿ ಎತ್ತಿ ನೋಡಿದರು. ಎರಡೂ ಎಕ್ಕ, ಈ ಆಟದಲ್ಲಿ ಅದಕ್ಕಿಂತ ದೊಡ್ಡ ಜೋಡಿಯಿಲ್ಲ! ಇಷ್ಟು ವರ್ಷ ಕೂತ ಮಾವನಿಗೂ ಅಪರೂಪಕ್ಕೆ ಬಂದ ಎಲೆ.

“ಬೇಡ,” ಎಂದು ಅತ್ತೆ ತಳ್ಳಿದರು.

ಅತ್ತೆ ತಿರುಗಿ ನೋಡಿ ಎದ್ದರು. ಮಾವ ಅದೇ ಕುರ್ಚಿಯಲ್ಲಿ ಕೂತರು.

“ಆಯ್ತಾ?” ಅತ್ತೆ ಕೇಳಿದರು.

“ಆಯ್ತು. ಅಮ್ಮ ಆಪರೇಷನ್ ಕೋಣೆ ಬಾಗಿಲ ತನಕ ನನ್ನ ಕೈ ಬಿಡ್ಲೇ ಇಲ್ಲ. ನಾಳೆ ಬೆಳಿಗ್ಗೆ ಪಟ್ಟಿ ಬಿಚ್ತಾರೆ. ಮೊದ್ಲು ನನ್ನ ಮುಖಾನೇ ನೋಡ್ಬೇಕಂತೆ.”

“ಬೆಳಿಗ್ಗೆ ಇಲ್ಲಿ ಎಷ್ಟು ಜನ ಇರ್ತಾರೆ?”

ಮಾವ ಬಾಯಿ ತೆರೆಯುವಷ್ಟರಲ್ಲಿ ಮುಂದೆ ಎಲೆ ಬಿತ್ತು. ಎಲೆ ಹಿಡಿದವರು ಹೊರಗಿನವರೊಂದಿಗೆ ಮಾತಾಡುವಂತಿಲ್ಲ.

ಅತ್ತೆ ಉಳಿದಿದ್ದ ಬಿಲ್ಲೆಗಳನ್ನು ಕೌಂಟರಿಗೆ ಕೊಟ್ಟು ಹಣ ಪಡೆಯಲಿಲ್ಲ. ಬೆಳಿಗ್ಗೆಗೆ ಬೇಕಾಗುತ್ತವೆಂದು ಬ್ಯಾಗಿಗೆ ಹಾಕಿಕೊಂಡು ಆಸ್ಪತ್ರೆಗೆ ಹೊರಟರು.